ಬೋರ್ಡಿನ ರೊಕ್ಕ ಊರಲ್ಲೇ ಉಳಿದೀತೇ?

ಹುಲಗೂರು: 2024ರ ತಿದ್ದುಪಡಿ ಕಾಯ್ದೆ ಪ್ರಕಾರ ಅಂಗಡಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು. ಬೋರ್ಡಿಗಾಗಿ ಹುಬ್ಬಳ್ಳಿಗೆ ಹೋಗುವ ರೊಕ್ಕ, ಮನೆಯಲ್ಲೇ ವಿನೈಲ್ ಕತ್ತರಿಸುವ ಸಣ್ಣ ಮಷಿನ್ ಇಟ್ಟವರ ಕೈಗೂ ಬರಬಹುದು. ಮುದ್ರಾ ಶಿಶು ಯೋಜನೆಯಲ್ಲಿ 50 ಸಾವಿರ ರೂಪಾಯಿ ತನಕ ಸಾಲವೂ ಇದೆ.

ಆದರೆ ತೊಡಕು ಎರಡು. ಒತ್ತಕ್ಷರ ಮೂಲ ಅಕ್ಷರಕ್ಕೆ ತಾಗುವಲ್ಲಿ ಗೆರೆ ಒಂದುಗೂಡಿಸದಿದ್ದರೆ ಬ್ಲೇಡು ಒಳಗೂ ಸೀಳುತ್ತದೆ, ಸ್ಟಿಕರ್ ಕಿತ್ತು ಬರುತ್ತದೆ. ಇನ್ನೊಂದು, ವಿನೈಲ್ ಅಂದರೆ ಪಿವಿಸಿ ಪ್ಲಾಸ್ಟಿಕ್. ಚೂರು ಸುಟ್ಟರೆ ವಿಷಗಾಳಿ. ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್ ರಾಜ್ಯದಲ್ಲಿ 2016ರಲ್ಲೇ ನಿಷೇಧವಾಗಿವೆ.

ಹಂಗಾಗಿ ನಾಮಫಲಕಕ್ಕಷ್ಟೇ ವಿನೈಲ್, ಲಗ್ನದ ತೋರಣ, ಹುಟ್ಟುಹಬ್ಬದ ಅಲಂಕಾರಕ್ಕೆ ಕಾಗದ ಸಾಕು. ಬೋರ್ಡು ಒಮ್ಮೆ ಹಚ್ಚಿದರೆ ಮುಗೀತು, ಲಗ್ನ ವರ್ಷಾ ಬರ್ತಾವೆ. ಸಾಲದ ಕಂತು ಕಟ್ಟೋದು ಕಾಗದದ ಕೆಲಸಾನೇ.