ಹಣೆಗೊಂದು ಪಟ್ಟಿ, ಮನಸ್ಸಿಗೊಂದು ಮಾರ್ಕ್ಸು

ಹಣೆಪಟ್ಟಿ ಅನ್ನೋ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥ ಇದೆ ನೋಡಿ. ಒಂದು ಹಣೆಗೆ ಕಟ್ಟಿಕೊಳ್ಳೋದು, ಇನ್ನೊಂದು ಬೇರೆಯವರು ನಮಗೆ ಅಂಟಿಸೋದು. ಮೆದುಳಿನ ಅಲೆ ಅಳೆಯುವ ಹೆಡ್‌ಸೆಟ್ಟುಗಳನ್ನು ದಿನಬಳಕೆಗೆ ತರಲು ಹೊರಟವರು ಮೊದಲನೆಯ ಅರ್ಥದ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದಾರೆ. ನನ್ನ ಚಿಂತೆ ಎರಡನೆಯದು.

ಮೊನ್ನೆ ಗೆಳೆಯನ ಮನೆಯಲ್ಲಿ ಅಂಥದ್ದೊಂದನ್ನು ಹಾಕಿಕೊಂಡು ನೋಡಿದೆ. ಹಣೆ ಮೇಲೆ ತಣ್ಣಗಿನ ಸೆನ್ಸರ್, ಕಿವಿಗೆ ಒಂದು ಕ್ಲಿಪ್ಪು. ಮೊಬೈಲಲ್ಲಿ 'ಏಕಾಗ್ರತೆ 73' ಅಂತ ಬಂತು. ಸುಮ್ಮನೆ ಹಲ್ಲು ಕಚ್ಚಿ ಹಿಡಿದೆ, ಅಂಕೆ ಕುಣಿದಾಡಿಬಿಟ್ಟಿತು!

ಇದರಲ್ಲಿ ಆಶ್ಚರ್ಯ ಏನಿಲ್ಲ. ಜರ್ಮನಿಯ ಯೇನಾದಲ್ಲಿ ಹ್ಯಾನ್ಸ್ ಬರ್ಗರ್ ಮನುಷ್ಯನ ಮೆದುಳಿನ ಅಲೆಯನ್ನು ಮೊದಲ ಸಲ ದಾಖಲಿಸಿದ್ದು 1924ರಲ್ಲಿ, ಪ್ರಕಟಿಸಿದ್ದು 1929ರಲ್ಲಿ. ತಲೆಬುರುಡೆ ದಾಟಿ ಹೊರಗೆ ಬರುವ ಆ ಸಂಕೇತ ಕೆಲವೇ ಹತ್ತು ಮೈಕ್ರೋವೋಲ್ಟ್. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲಿನ ಸುಮಾರು ಮೂವತ್ತು ಸಾವಿರದಲ್ಲೊಂದು ಪಾಲು! ರೆಪ್ಪೆ ಬಡಿದರೆ, ದವಡೆ ಬಿಗಿದರೆ ಹುಟ್ಟುವ ವಿದ್ಯುತ್ತು ಇದಕ್ಕಿಂತ ಎಷ್ಟೋ ದೊಡ್ಡದು. ಸಾಲದ್ದಕ್ಕೆ ಮನೆ ವೈರಿಂಗಿನ 50 ಹರ್ಟ್ಸ್ ಗದ್ದಲ ಬೇರೆ.

ಆಸ್ಪತ್ರೆಯಲ್ಲಾದರೆ ತಲೆ ತುಂಬ ಅಂಟು ಜೆಲ್ ಹಚ್ಚಿ, ಅಲುಗಾಡದೆ ಮಲಗಿಸುತ್ತಾರೆ. ಬೆಳಗ್ಗೆ ಆಫೀಸಿಗೆ ಹೊರಡುವವನು ಜೆಲ್ ಹಚ್ಚಿಕೊಳ್ಳುತ್ತಾನೆಯೇ? ಅದಕ್ಕೇ 2009ರಲ್ಲಿ ನ್ಯೂರೋಸ್ಕೈ ಹಣೆಗೆ ಒಂದೇ ಒಂದು ಒಣ ಸೆನ್ಸರ್ ಇಟ್ಟಿತು. ಅದೇ ವರ್ಷ ಬಂದ ಎಮೋಟಿವ್ ಎಪೋಕ್‌ಗೆ 14 ಸೆನ್ಸರು, ಉಪ್ಪುನೀರಲ್ಲಿ ನೆನೆಸಿದ ಪ್ಯಾಡು. 2014ರ ಮ್ಯೂಸ್ ಹಣೆ ಮತ್ತು ಕಿವಿಯ ಹಿಂದೆ ಕೂತಿತು. ಹಣೆಯೇ ಯಾಕೆ ಅಂದರೆ ಅಲ್ಲಿ ಕೂದಲಿಲ್ಲ, ಅಷ್ಟೇ. ಆದರೆ ಕಣ್ಣು ಮುಚ್ಚಿದಾಗ ಚೆನ್ನಾಗಿ ಕಾಣುವ ಆಲ್ಫಾ ಅಲೆ ಜೋರಾಗಿ ಸಿಗೋದು ತಲೆಯ ಹಿಂಭಾಗದಲ್ಲಿ, ಸರಿಯಾಗಿ ಜಡೆ ಇರುವ ಜಾಗದಲ್ಲಿ! ಕೊಬ್ಬರಿ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದು ಮಲ್ಲಿಗೆ ಮುಡಿಯುವ ನಮ್ಮಮ್ಮನಂಥವರು ಇದನ್ನು ವಿನ್ಯಾಸ ಮಾಡಿದವರ ಕಣ್ಣಿಗೆ ಬಿದ್ದೇ ಇಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಆಫ್ರಿಕನ್ ಮೂಲದವರ ದಟ್ಟ ಗುಂಗುರು ಕೂದಲಿಗೆಂದು, ಹೆಣೆದ ಜಡೆಸಾಲುಗಳ ನಡುವೆ ಸಿಕ್ಕಿಸುವ ಕ್ಲಿಪ್ಪು ಮಾಡಿದ್ದಾರೆ. ಸಂತೋಷ.

ಇವೆಲ್ಲ ಇಂದಲ್ಲ ನಾಳೆ ಸರಿಹೋಗುತ್ತವೆ. ಸರಿಹೋಗದ್ದು ಆ 73. 1970ರ ದಶಕದಲ್ಲಿ ಕೆನಡಾದ ಏಡ್ರಿಯನ್ ಅಪ್ಟನ್ ಅನ್ನೋ ವೈದ್ಯರು ಆಸ್ಪತ್ರೆಯಲ್ಲಿ ಒಂದು ಜೆಲ್ಲಿ ಮುದ್ದೆಗೆ ಇಇಜಿ ತಂತಿ ಹಚ್ಚಿದರಂತೆ. ಸುತ್ತಲಿನ ಯಂತ್ರಗಳ, ಜನರ ಗಲಾಟೆಯನ್ನೇ ಹಿಡಿದು ಯಂತ್ರ ಜೀವಂತ ಮೆದುಳಿನಂಥ ಗೆರೆ ಎಳೆಯಿತು. ಪುಣ್ಯಕ್ಕೆ ಆ ಜೆಲ್ಲಿಗೆ ಯಾರೂ ಏಕಾಗ್ರತೆಯ ಅಂಕ ಕೊಡಲಿಲ್ಲ. ಸಂಕೇತ ಕೆಟ್ಟಿದ್ದಾಗ ಅಂಕೆ ತೋರಿಸದೆ 'ಗೊತ್ತಾಗ್ತಿಲ್ಲ' ಅನ್ನುವ ಪ್ರಾಮಾಣಿಕತೆ ದಿನಬಳಕೆಯ ಹೆಡ್‌ಸೆಟ್ಟಿಗೆ ಮೊದಲು ಬರಬೇಕು. (ರಾತ್ರಿ ನಿದ್ದೆ ಅಳೆಯೋಕೆ ಇದು ಒಳ್ಳೆಯದೇ. ಆಗ ನಾವು ಹೆಚ್ಚು ಅಲುಗಾಡುವುದೂ ಇಲ್ಲ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಯೂ ಇಲ್ಲ.)

ಯಾಕೆ ಇಷ್ಟು ಹೇಳ್ತಿದ್ದೀನಿ ಅಂದರೆ, 2019ರಲ್ಲಿ ಚೀನಾದ ಜಿನ್‌ಹುವಾದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಹಣೆಗೆ ಇಂಥ ಪಟ್ಟಿ ಕಟ್ಟಿದ್ದರು. ಮಗುವಿನ ಗಮನ ಹೇಗಿದೆ ಅಂತ ಪಟ್ಟಿಯ ಮುಂದೆಯೇ ಬಣ್ಣದ ದೀಪ, ಮೇಷ್ಟ್ರ ಕಂಪ್ಯೂಟರಿನಲ್ಲಿ ಲೆಕ್ಕ. ಜನ ರೊಚ್ಚಿಗೆದ್ದ ಮೇಲೆ ನಿಲ್ಲಿಸಿದರು. ಕಿಟಕಿಯಾಚೆ ಗುಬ್ಬಿ ನೋಡ್ತಾ ಕೂತ ಹುಡುಗನ ಹಣೆಯ ಮೇಲೆ ದೀಪ ಹತ್ತಿಕೊಳ್ಳೋದನ್ನ ಕಲ್ಪಿಸಿಕೊಳ್ಳಿ. ಆ ದೀಪವನ್ನು ಯಾರೋ ಕೂತು ಯೋಚಿಸಿಯೇ ಅಲ್ಲಿಟ್ಟಿದ್ದರು. ಅದು ತಾಂತ್ರಿಕ ಅನಿವಾರ್ಯ ಅಲ್ಲ.

ಚಿಲಿ ದೇಶದ ಸುಪ್ರೀಂ ಕೋರ್ಟು 2023ರಲ್ಲಿ, ಮಾಜಿ ಸೆನೆಟರ್ ಒಬ್ಬರ ಮೆದುಳಿನ ಮಾಹಿತಿ ಅಳಿಸುವಂತೆ ಎಮೋಟಿವ್ ಕಂಪನಿಗೆ ಹೇಳಿತು. ನಮ್ಮಲ್ಲೂ 2010ರಲ್ಲೇ 'ಸೆಲ್ವಿ ವರ್ಸಸ್ ಕರ್ನಾಟಕ ರಾಜ್ಯ' ಕೇಸಿನಲ್ಲಿ ಸುಪ್ರೀಂ ಕೋರ್ಟು, ಯಾರನ್ನೂ ಬಲವಂತವಾಗಿ ಬ್ರೈನ್ ಮ್ಯಾಪಿಂಗಿಗೆ ಒಳಪಡಿಸುವಂತಿಲ್ಲ ಅಂದಿದೆ. ಕೊಲೆ ಆರೋಪಿಗೆ ಇರುವ ರಕ್ಷಣೆ ಐದನೇ ಕ್ಲಾಸಿನ ಹುಡುಗನಿಗೆ ಬೇಡವೇ?

ಹಾಗಾಗಿ ನನ್ನ ಪ್ರಕಾರ ಲೆಕ್ಕಾಚಾರವೆಲ್ಲ ಪಟ್ಟಿಯೊಳಗೇ ಆಗಬೇಕು. ಕಚ್ಚಾ ಅಲೆ ಕಂಪನಿಯ ಸರ್ವರಿಗೆ ಹೋಗಲೇಬಾರದು. ಹೊರಗಿನವರಿಗೆ ಕಾಣುವ ದೀಪವಂತೂ ಬೇಡವೇ ಬೇಡ. ನಿಮ್ಮಲ್ಲಿ ಎಂಬೆಡೆಡ್ ಕೆಲಸ ಮಾಡುವವರು ಇದ್ದೀರಲ್ಲ, ಅಷ್ಟು ಚಿಕ್ಕ ಬ್ಯಾಟರಿಯಲ್ಲಿ ಇದು ಎಷ್ಟು ಹೊತ್ತು ಓಡಬಹುದು ಹೇಳ್ತೀರಾ?