ಮಂಜುಗಡ್ಡೆ ಯಾರಪ್ಪನ ಆಸ್ತಿ?

ಕಳೆದ ಚಳಿಗಾಲದಲ್ಲಿ ನಮ್ಮ ವಿಭಾಗದ ಊಟದ ಮೇಜಿನ ಬಳಿ ಸಣ್ಣದೊಂದು ಜಗಳವಾಯಿತು. ಮಿನ್ನೆಸೋಟಾದಲ್ಲೇ ಹುಟ್ಟಿ ಬೆಳೆದ ಗೆಳೆಯನೊಬ್ಬ ಟೆಕ್ಸಸ್‌ನಿಂದ ಬಂದ ಸಹಪಾಠಿಗೆ, "ನಿಮ್ಮ ಕಡೆ ಐಸ್ ಹಾಕಿ ಇರುವುದು ಟಿಕೆಟ್ ಮಾರಲಿಕ್ಕೆ. ನಿಜವಾದ ಆಟ ಇರುವುದು ಇಲ್ಲಿ. ಇದು ನಮ್ಮ ರಕ್ತದಲ್ಲೇ ಇದೆ" ಅಂದ. ಆಕೆಯೂ ಬಿಡಲಿಲ್ಲ. "ರಕ್ತದಲ್ಲಿದ್ದಿದ್ದರೆ ನಿಮ್ಮ ತಂಡವನ್ನು ನಮಗೆ ಯಾಕೆ ಬಿಟ್ಟುಕೊಟ್ಟಿರಿ?" ಅಂತ ಕೇಳಿದಳು. 1993ರಲ್ಲಿ ಮಿನ್ನೆಸೋಟಾ ನಾರ್ತ್ ಸ್ಟಾರ್ಸ್ ತಂಡ ಗಂಟುಮೂಟೆ ಕಟ್ಟಿಕೊಂಡು ಡಲ್ಲಾಸ್‌ಗೆ ಹೋಯಿತು. ಹೆಸರಿನಿಂದ 'ನಾರ್ತ್' ಎಂಬುದನ್ನು ಕಳಚಿಕೊಂಡು ಡಲ್ಲಾಸ್ ಸ್ಟಾರ್ಸ್ ಆಯಿತು. 1999ರಲ್ಲಿ ಸ್ಟಾನ್ಲಿ ಕಪ್ ಕೂಡ ಗೆದ್ದಿತು.

ನಾನು ಸುಮ್ಮನೆ ಅನ್ನ ಸಾರು ಕಲಸುತ್ತಾ ಕೂತಿದ್ದೆ. ಆದರೆ 'ರಕ್ತದಲ್ಲೇ ಇದೆ' ಎಂಬ ಮಾತು ಕೇಳಿದ ಕೂಡಲೇ ಕಿವಿ ನೆಟ್ಟಗಾಯಿತು. ನಾನು ಸೋಮವಾರಪೇಟೆ ಕಡೆಯವನು. ನಮಗೆ ಹಾಕಿ ಅಂದರೆ ಹಸಿರು ಮೈದಾನದ ಹಾಕಿ. ಕೊಡಗಿನವರಿಗೆ ಹಾಕಿ ರಕ್ತಗತ ಎಂದು ಭಾಷಣಗಳಲ್ಲಿ ಕೇಳುತ್ತಲೇ ಬೆಳೆದವನು ನಾನು. ಹಾಗೆ ಹೇಳಿಬಿಟ್ಟರೆ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಲು ಪಟ್ಟ ಪಾಡು, ಆಮೇಲೆ ಒಂದೊಂದು ವರ್ಷ ಒಂದೊಂದು ಕುಟುಂಬ ಹೊತ್ತ ಹೊಣೆ, ಎಲ್ಲವೂ ಮಾಯವಾಗುತ್ತವೆ. ರಕ್ತ ಪುಕ್ಕಟೆ ಸಿಗುತ್ತದೆ, ಮೈದಾನ ಹಾಗೆ ಸಿಗುವುದಿಲ್ಲ. ಅಮೆರಿಕದ ಐಸ್ ಹಾಕಿಯ ಬಗ್ಗೆಯೂ ನನ್ನ ತಕರಾರು ಇದೇ.

ಚಳಿ ಇದ್ದಲ್ಲಿ ಐಸ್ ಹಾಕಿ ಇರುತ್ತದೆ ಎನ್ನುವುದು ಎಲ್ಲರೂ ಒಪ್ಪಿಕೊಂಡ ಮಾತು. ಇದು ಅರ್ಧ ಸತ್ಯವೂ ಅಲ್ಲ. ಮೊಂಟಾನಾ, ವ್ಯೋಮಿಂಗ್ ರಾಜ್ಯಗಳಲ್ಲಿ ಚಳಿಗೇನು ಬರವೇ? ಅಲ್ಲಿಂದ ಎನ್‌ಎಚ್‌ಎಲ್ ಲೀಗಿಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದು. ಅಲ್ಲಿ ಜನಸಂಖ್ಯೆಯೇ ಕಡಿಮೆ ಅನ್ನುತ್ತೀರಾ? ಜನಸಂಖ್ಯೆಯಲ್ಲಿ ಅವುಗಳ ಸಾಲಿನಲ್ಲೇ ಕೂರುವ ನಾರ್ತ್ ಡಕೋಟಾದ ವಿಶ್ವವಿದ್ಯಾಲಯ ಎಂಟು ಸಲ ರಾಷ್ಟ್ರೀಯ ಕಾಲೇಜು ಹಾಕಿ ಪ್ರಶಸ್ತಿ ಗೆದ್ದಿದೆ. ಚಳಿಯೂ ಅಷ್ಟೇ, ಜನರೂ ಹೆಚ್ಚುಕಮ್ಮಿ ಅಷ್ಟೇ. ವ್ಯತ್ಯಾಸ ಬೇರೆಲ್ಲೋ ಇದೆ.

ಇತಿಹಾಸವನ್ನೇ ನೋಡಿ. ದುಡ್ಡು ಕೊಟ್ಟು ಆಟಗಾರರನ್ನು ಆಡಿಸಿದ ಮೊದಲ ಪೂರ್ಣ ವೃತ್ತಿಪರ ಲೀಗ್ 1904ರಲ್ಲಿ ಶುರುವಾದದ್ದು ಮಿಶಿಗನ್‌ನ ಹೌಟನ್ ಎಂಬ ಪುಟ್ಟ ಊರಿನ ಸುತ್ತ. ಅದು ತಾಮ್ರದ ಗಣಿಗಳ ನಾಡು. ಕೆನಡಾದ ಹುಡುಗರು ಅಲ್ಲಿಗೆ ಬಂದದ್ದು ಸಂಬಳಕ್ಕೆ. ಚಳಿ ಅವರ ಊರಲ್ಲೂ ಬೇಕಾದಷ್ಟಿತ್ತು. ಅದೇ ಲೀಗಿನಲ್ಲಿ ಪಿಟ್ಸ್‌ಬರ್ಗ್ ಕೂಡ ಇತ್ತು. ಆ ಉಕ್ಕಿನ ನಗರದ ಹೆಗ್ಗಳಿಕೆ, ಯಂತ್ರದಿಂದ ಹೆಪ್ಪುಗಟ್ಟಿಸಿದ ಐಸ್. ಇನ್ನು, ಪ್ರತಿ ಪಂದ್ಯದ ನಡುವೆ ರಿಂಕ್ ಮೇಲೆ ಗಂಭೀರವಾಗಿ ಸುತ್ತು ಹಾಕಿ ಐಸನ್ನು ಕನ್ನಡಿಯಂತೆ ಮಾಡುವ ಜಾಂಬೋನಿ ಯಂತ್ರ ಹುಟ್ಟಿದ್ದೆಲ್ಲಿ? ಲಾಸ್ ಏಂಜಲಿಸ್ ಪಕ್ಕದ ಪ್ಯಾರಾಮೌಂಟ್ ಎಂಬ ಊರಿನಲ್ಲಿ. ಫ್ರಾಂಕ್ ಜಾಂಬೋನಿ ಮತ್ತು ಅವನ ತಮ್ಮ ಐಸ್ ಗಡ್ಡೆ ಮಾಡಿ ಮಾರುವವರು. ಮನೆಮನೆಗೂ ಫ್ರಿಜ್ ಬಂದು ಆ ವ್ಯಾಪಾರ ಬಿದ್ದುಹೋಗುವ ಹೊತ್ತಿಗೆ, ಗೊತ್ತಿದ್ದ ವಿದ್ಯೆಯಿಂದಲೇ 1940ರಲ್ಲಿ ಒಂದು ರಿಂಕ್ ತೆರೆದರು. ಮೂರು ನಾಲ್ಕು ಆಳುಗಳು ಗಂಟೆಗೂ ಹೆಚ್ಚು ಹೊತ್ತು ಕೆರೆದು, ತೊಳೆದು, ನೀರು ಹಾಯಿಸುತ್ತಿದ್ದ ಕೆಲಸವನ್ನು ಒಂದು ಗಾಡಿಯಿಂದ ಮಾಡಿಸಲು ಫ್ರಾಂಕ್ ವರ್ಷಗಟ್ಟಲೆ ಹೆಣಗಿ 1949ರಲ್ಲಿ ಗೆದ್ದ. ಇಂದು ಉತ್ತರದ ಅಭಿಮಾನಿಗಳು ಯಾವ ಯಂತ್ರ ಕಂಡು ಭಾವುಕರಾಗುತ್ತಾರೋ ಅದು ಕ್ಯಾಲಿಫೋರ್ನಿಯಾದ ಬಿಸಿಲಿನ ಕೂಸು.

ಹಾಗಾದರೆ ಮಿನ್ನೆಸೋಟಾದ ಹೆಮ್ಮೆ ಸುಳ್ಳೇ? ಖಂಡಿತ ಅಲ್ಲ. 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿದ ಅಮೆರಿಕದ ಇಪ್ಪತ್ತು ಹುಡುಗರಲ್ಲಿ ಹನ್ನೆರಡು ಮಂದಿ ಈ ರಾಜ್ಯದವರು. ಕೋಚ್ ಹರ್ಬ್ ಬ್ರೂಕ್ಸ್ ಕೂಡ ಇಲ್ಲಿಯವನೇ. ಆದರೆ ಅದರ ಹಿಂದಿನ ಕಾರಣವನ್ನು ರಕ್ತಪರೀಕ್ಷೆಯಲ್ಲಿ ಹುಡುಕಬೇಡಿ, ಊರಿನ ಲೆಕ್ಕಪುಸ್ತಕದಲ್ಲಿ ಹುಡುಕಿ. ಉತ್ತರದ ಕಬ್ಬಿಣದ ಗಣಿಗಳ ಊರುಗಳು ಗಣಿಗಳಿಂದ ವಸೂಲಿ ಮಾಡಿದ ತೆರಿಗೆಯಲ್ಲಿ ಶಾಲೆ, ಸಾರ್ವಜನಿಕ ಕಟ್ಟಡಗಳನ್ನು ಕಟ್ಟಿಸಿದವು. ಎವೆಲೆತ್ ಎಂಬ ಊರಿನ ಹಿಪ್ಪೊಡ್ರೋಮ್ ರಿಂಕ್ 1922ರದ್ದು. 1945ರಲ್ಲಿ ರಾಜ್ಯದ ಪ್ರೌಢಶಾಲೆಗಳ ಹಾಕಿ ಟೂರ್ನಿ ಶುರುವಾದಾಗ ಮೊದಲ ಕಪ್ ಎತ್ತಿದ್ದು ಅದೇ ಎವೆಲೆತ್. ಇಲ್ಲಿ ಮಕ್ಕಳು ತಮ್ಮ ಬಡಾವಣೆಯ ಸಂಘಕ್ಕೆ, ತಮ್ಮ ಶಾಲೆಗೆ ಆಡುತ್ತಾರೆ. ಚಳಿಗಾಲ ಬಂದರೆ ನಗರದ ಉದ್ಯಾನ ಇಲಾಖೆಯವರು ಪಾರ್ಕುಗಳಿಗೆ ನೀರು ಹಾಯಿಸಿ ರಿಂಕ್ ಮಾಡುತ್ತಾರೆ, ಪಕ್ಕದಲ್ಲಿ ಮೈ ಕಾಯಿಸಿಕೊಳ್ಳಲು ಒಂದು ಕೋಣೆ ತೆರೆದಿಡುತ್ತಾರೆ. ಇಪ್ಪತ್ತೈದನೇ ವಯಸ್ಸಿನಲ್ಲಿ, ಎರವಲು ಸ್ಕೇಟ್ ಹಾಕಿಕೊಂಡು, ಆರು ವರ್ಷದ ಮಕ್ಕಳ ಎದುರು ಧೊಪ್ಪನೆ ಬೀಳುತ್ತಾ ನಾನು ಕಲಿತದ್ದು ಇಂಥದ್ದೇ ಒಂದು ರಿಂಕಿನಲ್ಲಿ. ಯಾರೂ ಟಿಕೆಟ್ ಕೇಳಲಿಲ್ಲ, ವೀಸಾ ಯಾವುದು ಅಂತಲೂ ಕೇಳಲಿಲ್ಲ. 1993ರಲ್ಲಿ ದೊಡ್ಡ ತಂಡ ಊರು ಬಿಟ್ಟರೂ 2000ದಲ್ಲಿ ಹೊಸ ತಂಡ ಬರುವವರೆಗೆ ಆಟ ಸಾಯದೆ ಉಳಿದದ್ದು ಈ ಪಾರ್ಕುಗಳಿಂದ, ಈ ಶಾಲೆಗಳಿಂದ.

ಇನ್ನು ದಕ್ಷಿಣದ ಕಡೆಗೆ ಬರೋಣ. 1988ರ ಆಗಸ್ಟ್ 9ರಂದು ವೇಯ್ನ್ ಗ್ರೆಟ್ಸ್‌ಕಿಯನ್ನು ಎಡ್ಮಂಟನ್ ತಂಡ ಲಾಸ್ ಏಂಜಲಿಸ್‌ಗೆ ಕೊಟ್ಟಾಗ ಕೆನಡಾ ಕಣ್ಣೀರಿಟ್ಟಿತು. ಆಮೇಲೆ ಸ್ಯಾನ್ ಹೋಸೆ, ಟ್ಯಾಂಪಾ, ಅನಾಹೈಮ್, ಮಯಾಮಿ ಕಡೆ, ನ್ಯಾಶ್‌ವಿಲ್ ಅಂತ ಬಿಸಿಲೂರುಗಳಲ್ಲಿ ಸಾಲಾಗಿ ತಂಡಗಳು ಹುಟ್ಟಿದವು. 2017ರಲ್ಲಿ ಲಾಸ್ ವೇಗಸ್‌ನ ಮರುಭೂಮಿಗೂ ಒಂದು ಬಂತು, ಆರೇ ವರ್ಷದಲ್ಲಿ ಕಪ್ ಗೆದ್ದಿತು. 2020ರಿಂದ 2025ರವರೆಗಿನ ಆರು ಸ್ಟಾನ್ಲಿ ಕಪ್‌ಗಳಲ್ಲಿ ನಾಲ್ಕು ಫ್ಲೋರಿಡಾದ ಪಾಲು. ಇದನ್ನು 'ಬರೀ ಶೋ' ಅಂತ ಮೂಗು ಮುರಿಯುವುದು ಸಣ್ಣತನ. ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಬೆಳೆದ ಆಸ್ಟನ್ ಮ್ಯಾಥ್ಯೂಸ್, ಮೆಕ್ಸಿಕೋದಿಂದ ಬಂದ ತಾಯಿಯ ಮಗ, 2016ರ ಆಯ್ಕೆಯಲ್ಲಿ ಇಡೀ ಜಗತ್ತಿಗೇ ಮೊದಲನೆಯವನಾದ. ಟೆಕ್ಸಸ್‌ನ ಪ್ಲೇನೋದಲ್ಲಿ ಹುಟ್ಟಿದ ಬ್ಲೇಕ್ ಕೋಲ್ಮನ್ ಎರಡು ಸಲ ಕಪ್ ಎತ್ತಿದ. ರಕ್ತದ ವಾದ ಇಲ್ಲಿಗೆ ಮುಗಿಯಿತು.

ಆದರೆ ದಕ್ಷಿಣದವರ ಡಂಗುರಕ್ಕೂ ನನ್ನ ಒಪ್ಪಿಗೆಯಿಲ್ಲ. ಅವರು ಬೆಳವಣಿಗೆಯನ್ನು ಅಳೆಯುವುದು ಮಾಲೀಕರ ಅಳತೆಗೋಲಿನಿಂದ: ತಂಡ ಬಂತು, ಕ್ರೀಡಾಂಗಣ ತುಂಬಿತು, ಆಟ ಬೆಳೆಯಿತು. ಮ್ಯಾಥ್ಯೂಸ್‌ನ ಅದೇ ಅರಿಜೋನಾವನ್ನು ನೋಡಿ. 1996ರಲ್ಲಿ ವಿನ್ನಿಪೆಗ್‌ನಿಂದ ತಂಡ ಬಂತು. 2009ರಲ್ಲಿ ದಿವಾಳಿಯಾಗಿ ಕೋರ್ಟು ಹತ್ತಿತು. ಕೊನೆಗೆ ಐದು ಸಾವಿರ ಜನವೂ ಹಿಡಿಸದ ಕಾಲೇಜು ರಿಂಕಿನಲ್ಲಿ ಬಾಡಿಗೆಗೆ ಆಡಿತು. 2023ರಲ್ಲಿ ಟೆಂಪಿ ನಗರದ ಮತದಾರರು ಹೊಸ ಕ್ರೀಡಾಂಗಣದ ಯೋಜನೆ ಬೇಡ ಎಂದರು. 2024ರಲ್ಲಿ ಆಟಗಾರರೆಲ್ಲ ಯೂಟಾಕ್ಕೆ ಹೊರಟುಹೋದರು. ಅಟ್ಲಾಂಟಾ ಅಂತೂ 1980ರಲ್ಲಿ ಒಮ್ಮೆ, 2011ರಲ್ಲಿ ಮತ್ತೊಮ್ಮೆ ತಂಡ ಕಳೆದುಕೊಂಡಿದೆ. ತಂಡವೆಂಬುದು ಮಾಲೀಕನ ಜೇಬಿನಲ್ಲಿರುವ ವಸ್ತು. ಅದು ಹೋದಾಗ ಊರಿನಲ್ಲಿ ಏನು ಉಳಿಯುತ್ತದೆ ಎನ್ನುವುದಷ್ಟೇ ಬೆಳವಣಿಗೆಯ ಅಳತೆ.

ಇದು ನನಗೆ ಬರೀ ಓದಿನ ವಿಷಯವಲ್ಲ. ನಮ್ಮ ದೊಡ್ಡಪ್ಪನ ಮಗಳು, ನಾನು ಅಕ್ಕ ಅಂತಲೇ ಕರೆಯುವವಳು, ಡಲ್ಲಾಸ್‌ನ ಉತ್ತರದ ಉಪನಗರವೊಂದರಲ್ಲಿದ್ದಾಳೆ. ಅವಳ ಮಗ ಏಳನೇ ವಯಸ್ಸಿಗೆ ಐಸ್ ಹಾಕಿಗೆ ಬಿದ್ದ. ಹೊರಗೆ ಸುಡುವ ಬಿಸಿಲು, ಒಳಗೆ ಹೆಲ್ಮೆಟ್ ಹಾಕಿಕೊಂಡು ಕನ್ನಡದಲ್ಲಿ "ಮಾಮ, ಇಲ್ಲಿ ನೋಡು" ಎಂದು ಕೂಗುವ ಹುಡುಗ. ಒಂದು ಬೇಸಿಗೆ ನಾನೇ ಅವನನ್ನು ಬೆಳಗಿನ ಜಾವ ರಿಂಕಿಗೆ ಕರೆದುಕೊಂಡು ಹೋಗುತ್ತಿದ್ದೆ. ಸ್ಕೇಟು, ಪ್ಯಾಡು, ಐಸಿನ ಗಂಟೆ ಲೆಕ್ಕದ ಬಾಡಿಗೆ, ಕೋಚಿಂಗು, ಬೇರೆ ಊರಿನ ಟೂರ್ನಿಗಳ ವಿಮಾನ, ಹೋಟೆಲು. ವರ್ಷಕ್ಕೆ ಹಲವು ಸಾವಿರ ಡಾಲರ್. ಎರಡು ವರ್ಷದ ಹಿಂದೆ ಭಾವನ ಕೆಲಸ ಹೋಯಿತು. ವೀಸಾದ ಗಡುವು ತಲೆಯ ಮೇಲೆ ತೂಗುತ್ತಿರುವಾಗ ಮೊದಲು ನಿಂತದ್ದು ಹಾಕಿ. "ಮಾಮ, ನಂಗೇ ಬೋರ್ ಆಯ್ತು, ಅದಕ್ಕೆ ಬಿಟ್ಟೆ" ಅಂದ ಫೋನಿನಲ್ಲಿ. ಹನ್ನೆರಡು ವರ್ಷದ ಹುಡುಗ ಅಪ್ಪನ ಮಾನ ಉಳಿಸಲು ಹೇಳಿದ ಸುಳ್ಳು ಅದು. ಅವನು ಸೇರಿದಾಗ ಟೆಕ್ಸಸ್‌ನ ಬೆಳವಣಿಗೆಯ ಲೆಕ್ಕಕ್ಕೆ ಒಂದು ಕೂಡಿಕೊಂಡಿತು. ಬಿಟ್ಟಾಗ ಯಾಕೆ ಬಿಟ್ಟೆ ಎಂದು ಯಾರೂ ಕೇಳಲಿಲ್ಲ.

ಇದನ್ನು ಕೇಳಿ ನನ್ನ ಮಿನ್ನೆಸೋಟಾ ಗೆಳೆಯ ಬೀಗಬೇಕಾಗಿಲ್ಲ. ಇಲ್ಲೂ ಒಳಾಂಗಣ ಐಸಿಗೆ, ಬೇಸಿಗೆ ಕ್ಯಾಂಪಿಗೆ, ಒಳ್ಳೆಯ ಸ್ಟಿಕ್ಕಿಗೆ ಸುರಿಯಲು ದುಡ್ಡಿದ್ದವರ ಮಕ್ಕಳೇ ಮುಂದೆ ಹೋಗುತ್ತಾರೆ. ಇಲ್ಲಿನ ಹಾಕಿಯ ಮುಖ ಈಗಲೂ ಬಹುಪಾಲು ಬಿಳಿಯೇ. ವಿಲ್ಲಿ ಓ'ರೀ ಬಾಸ್ಟನ್ ಪರ ಐಸ್‌ಗಿಳಿದು ಎನ್‌ಎಚ್‌ಎಲ್‌ನ ಮೊದಲ ಕಪ್ಪು ಆಟಗಾರನಾದದ್ದು 1958ರಲ್ಲಿ. ಅಷ್ಟು ದಶಕಗಳಾದ ಮೇಲೂ ಈ ಮಾತು ಬರೆಯಬೇಕಾಗಿ ಬಂದಿರುವುದೇ ನಾಚಿಕೆ. ಅದಕ್ಕಿಂತ ದೊಡ್ಡ ಸುದ್ದಿ ಆಕಾಶದಿಂದ ಬರುತ್ತಿದೆ. 2023-24ರ ಚಳಿಗಾಲ ಮಿನ್ನೆಸೋಟಾದ ದಾಖಲೆಯಲ್ಲೇ ಅತಿ ಬೆಚ್ಚಗಿನದು. ನಾನು ಬಿದ್ದು ಎದ್ದು ಕಲಿತ ಪಾರ್ಕಿಗೆ ಆ ಜನವರಿಯ ಕೊನೆಗೆ ಹೋದರೆ ರಿಂಕ್ ಇದ್ದ ಜಾಗದಲ್ಲಿ ಕೆಸರು, ನಡುವೆ ಅನಾಥವಾಗಿ ನಿಂತ ಎರಡು ಗೋಲು ಕಂಬ. ಪುಕ್ಕಟೆ ಚಳಿಯನ್ನು ನಂಬಿ ಕಟ್ಟಿದ ಸಮಾನತೆ ಚಳಿಯ ಜೊತೆಗೇ ಕರಗುತ್ತಿದೆ.

ಹಾಗಾಗಿ ಉತ್ತರವೋ ದಕ್ಷಿಣವೋ ಎಂಬ ಜಗಳ ಹಳತಾಯಿತು. ಇನ್ನು ಮುಂದೆ ಎಲ್ಲೆಡೆಯೂ ಐಸ್ ಮಾಡುವುದು ಯಂತ್ರವೇ. ಆ ಯಂತ್ರದ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ಬಾಗಿಲ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎನ್ನುವುದೇ ಪ್ರಶ್ನೆ. ಫಿಲಡೆಲ್ಫಿಯಾದಲ್ಲಿ ಮುಚ್ಚಿಹೋಗಲಿದ್ದ ನಗರಸಭೆಯ ರಿಂಕುಗಳನ್ನು ಉಳಿಸಿಕೊಂಡು, ಬಡಮಕ್ಕಳಿಗೆ ಉಚಿತವಾಗಿ ಆಟವನ್ನೂ ಪಾಠವನ್ನೂ ಹೇಳಿಕೊಡುವ ಸ್ನೈಡರ್ ಪ್ರತಿಷ್ಠಾನದಂಥ ಪ್ರಯತ್ನಗಳಿವೆ. ಅದು ಹಳೆಯ ತಂಡದೊಡೆಯನೊಬ್ಬನ ಉದಾರತೆ, ಒಳ್ಳೆಯದೇ. ಆದರೆ ಉದಾರಿ ಇಲ್ಲದ ಊರಿನ ಮಕ್ಕಳು ಏನು ಮಾಡಬೇಕು? ಶತಕೋಟಿ ಡಾಲರ್ ಕ್ರೀಡಾಂಗಣಗಳಿಗೆ ತೆರಿಗೆ ಹಣ ಕೇಳುವ ಧೈರ್ಯ ಮಾಲೀಕರಿಗೆ ಇರುವಾಗ, ಬಡಾವಣೆಗೊಂದು ರಿಂಕ್ ಕೇಳುವ ಧೈರ್ಯ ಜನರಿಗೆ ಯಾಕಿರಬಾರದು?

ಈಚೆಗೆ ಭಾವನಿಗೆ ಬೇರೆ ಕೆಲಸ ಸಿಕ್ಕಿದೆ. ಅಕ್ಕ ಫೋನಿನಲ್ಲಿ, "ಮತ್ತೆ ಸೇರಿಸೋಣ ಅಂದ್ರೆ ಹಳೇ ಸ್ಕೇಟು ಕಾಲಿಗೆ ಆಗ್ತಿಲ್ಲ ಕಣೋ" ಅಂದಳು. ಎರಡು ವರ್ಷದಲ್ಲಿ ಹುಡುಗ ಬೆಳೆದಿದ್ದಾನೆ. ಆಟವೂ ಬೆಳೆದಿದೆ ಅಂತ ಟೆಕ್ಸಸ್‌ನವರು ಹೇಳುತ್ತಿದ್ದಾರೆ.