ಉಪ್ಪಾಗೆಯ ಸಾಕ್ಷಿ ಮಾತ್ರೆಗೆ ಸಲ್ಲದು

ಕುಮಟಾ, ಹೊನ್ನಾವರ, ಭಟ್ಕಳದ ಕಾಡಂಚಿನ ಮನೆಗಳಿಗೆ ಮಳೆಗಾಲವೆಂದರೆ ಉಪ್ಪಾಗೆಯ ಕಾಲ. ಹಣ್ಣು ಆಯ್ದು ತಂದು, ಸಿಪ್ಪೆ ಬಿಡಿಸಿ, ಬಿಸಿಲಿಲ್ಲದ್ದರಿಂದ ಬೆಂಕಿಯ ಶಾಖದಲ್ಲಿ ಒಣಗಿಸುತ್ತಾರೆ. ಬೀಜದಿಂದ ತುಪ್ಪ ತೆಗೆಯುತ್ತಾರೆ. ಸಿಪ್ಪೆ ವ್ಯಾಪಾರಿಯ ಕೈ ಸೇರಿ ದೂರ ಹೋದ ಮೇಲೆ ಅದರ ಹೆಸರು ‘ಗಾರ್ಸಿನಿಯಾ ಕ್ಯಾಂಬೋಜಿಯಾ’. ಬೊಜ್ಜು ಕರಗಿಸುವ ಮಾತ್ರೆಯಾಗಿ ಅದು ಆನ್‌ಲೈನ್ ಅಂಗಡಿಯಲ್ಲಿ ನಮಗೇ ಮತ್ತೆ ಎದುರಾಗುತ್ತದೆ. ‘ಅಜ್ಜಿಯ ಕಾಲದಿಂದ ತಿಂದದ್ದೇ ತಾನೇ, ಸೈಡ್ ಎಫೆಕ್ಟ್ ಎಲ್ಲಿಂದ ಬರಬೇಕು’ ಎಂದು ಓದಿದವರೂ ಹೇಳುತ್ತಾರೆ.

ಈ ವಾದ ನಿಲ್ಲುವುದಿಲ್ಲ. ಅಜ್ಜಿ ತಿಂದದ್ದು ಸಾರಿಗೆ ಹಾಕಿದ ನಾಲ್ಕು ಚೂರು ಹುಳಿ. ಮಾತ್ರೆಯಲ್ಲಿರುವುದು ಸಿಪ್ಪೆಯಿಂದ ಸಾಂದ್ರಗೊಳಿಸಿ ತೆಗೆದ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಅದನ್ನು ದಿನಾ ಎರಡು ಮೂರು ಸಲ, ತಿಂಗಳುಗಟ್ಟಲೆ ನುಂಗಿದ ಅಜ್ಜಿ ನಮ್ಮಲ್ಲಿ ಯಾರೂ ಇಲ್ಲ.

ಲಾಭವನ್ನಾದರೂ ನೋಡೋಣ. ಸಕ್ಕರೆಯಂಶ ಕೊಬ್ಬಾಗಲು ಬೇಕಾದ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ. ಪ್ರಯೋಗಾಲಯದಲ್ಲಿ ಇದು ನಿಜ. ಆದರೆ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ 135 ಮಂದಿಯನ್ನು 12 ವಾರ ಗಮನಿಸಿದಾಗ, ಇದನ್ನು ತಿಂದವರ ತೂಕ ಹುಸಿಮಾತ್ರೆ ತಿಂದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. 2011ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ ಕಂಡ ಇಳಿಕೆ ಒಂದು ಕಿಲೋದಷ್ಟೂ ಇರಲಿಲ್ಲ.

ಇನ್ನು ಅಪಾಯ. ಔಷಧಗಳಿಂದಾಗುವ ಯಕೃತ್ತಿನ ಹಾನಿಯ ಮೇಲೆ ಕಣ್ಣಿಟ್ಟಿರುವ ಅಮೆರಿಕದ ವೈದ್ಯರ ಜಾಲ 2004ರಿಂದ 2018ರವರೆಗೆ ಗಾರ್ಸಿನಿಯಾಕ್ಕೆ ಸಂಬಂಧಿಸಿದ 22 ಪ್ರಕರಣ ಗುರುತಿಸಿತು. 5 ಜನ ತೆಗೆದುಕೊಂಡದ್ದು ಗಾರ್ಸಿನಿಯಾ ಮಾತ್ರ. ಉಳಿದವರಲ್ಲಿ ಹೆಚ್ಚಿನವರ ಮಾತ್ರೆಯಲ್ಲಿ ಹಸಿರು ಚಹಾದ ಸಾರವೂ ಇತ್ತು. ಒಬ್ಬರು ತೀರಿಕೊಂಡರು, ಇನ್ನೊಬ್ಬರಿಗೆ ಯಕೃತ್ತಿನ ಕಸಿ ಮಾಡಬೇಕಾಯಿತು.

‘ಇಂಗ್ಲಿಷ್ ಮಾತ್ರೆಗೂ ಯಕೃತ್ತು ಕೆಡುವುದಿಲ್ಲವೇ?’ ಕೆಡುತ್ತದೆ. ಪ್ಯಾರಾಸಿಟಮಾಲ್ ಅತಿಯಾದರೆ ಪ್ರಾಣಕ್ಕೇ ಕುತ್ತು. ಆದರೆ ಅದರ ಮಿತಿ ವೈದ್ಯರಿಗೆ ಗೊತ್ತು, ಅದರಿಂದ ಜ್ವರವೂ ಇಳಿಯುತ್ತದೆ. ಒಂದು ಕಿಲೋ ಕೂಡ ಇಳಿಸದ ಮಾತ್ರೆಗಾಗಿ, ಅಪರೂಪದ್ದೇ ಆಗಲಿ, ಇಂಥ ಅಪಾಯವನ್ನು ಯಾಕೆ ತಂದುಕೊಳ್ಳಬೇಕು?

ಉಪ್ಪಾಗೆಯನ್ನು ದೂರುವುದು ನನ್ನ ಉದ್ದೇಶವಲ್ಲ. ತಲೆಮಾರುಗಳ ಅನುಭವ ಅದರ ಹುಳಿಗೂ ತುಪ್ಪಕ್ಕೂ ಸಾಕ್ಷಿ ಹೇಳುತ್ತದೆ. ಆ ಸಾಕ್ಷಿಯನ್ನು ಕಂಪನಿಗಳು ಡಬ್ಬಿಯ ಮೇಲೆ ಅಂಟಿಸಿಕೊಳ್ಳಲು ನಾವು ಬಿಡಬಾರದು. ಮಾರುವವರು ಯಕೃತ್ತಿನ ಎಚ್ಚರಿಕೆಯನ್ನು ಕನ್ನಡದಲ್ಲೇ ಅಚ್ಚು ಹಾಕಲಿ. ಈಗಾಗಲೇ ನುಂಗುತ್ತಿರುವವರು ವೈದ್ಯರಿಗೆ ಮುಚ್ಚಿಡದೆ ಹೇಳಲಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಅದೇ ದಿನ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಲಿ.